ಟಿ.ವಿ. ಮುಂದಿನ ತಟ್ಟೆ

ಅಮೀರ್‌ಪೇಟ್‌ನಲ್ಲಿ ಸಾಫ್ಟ್‌ವೇರ್ ಕಲಿಸುವ ಬೋರ್ಡುಗಳು ಎಷ್ಟಿವೆಯೋ ಹಾಸ್ಟೆಲ್ ಬೋರ್ಡುಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. ಮೈತ್ರಿವನಂ ಸುತ್ತಲಿನ ಗಲ್ಲಿಗಳಲ್ಲಿ, ಎಸ್.ಆರ್. ನಗರದ ಕಡೆ, ನಾಲ್ಕು ಮಹಡಿಯ ಕಟ್ಟಡ ಕಂಡರೆ ಅದರೊಳಗೆ ಜಾವಾ ಪಾಠವಾದರೂ ನಡೆದಿರುತ್ತದೆ, ಇಲ್ಲವೇ ನೂರು ಹುಡುಗರಿಗೆ ಅನ್ನವಾದರೂ ಬೇಯುತ್ತಿರುತ್ತದೆ. ರಾಯಚೂರು, ಕಲಬುರಗಿ, ಬೀದರ್ ಕಡೆಯ ಎಂಜಿನಿಯರುಗಳಲ್ಲಿ ಇಲ್ಲಿನ ಹಾಸ್ಟೆಲ್ ಅನ್ನ ಉಂಡವರು ಕಡಿಮೆಯೇನಿಲ್ಲ. ಉಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ರೂಮಿನ ಫ್ಯಾನ್ ತಿರುಗದಿರಬಹುದು, ಬಾತ್‌ರೂಮಿನಲ್ಲಿ ಬಿಸಿನೀರು ಬರದಿರಬಹುದು, ಆದರೆ ಊಟದ ಹಾಲಿನ ಟಿ.ವಿ. ಮಾತ್ರ ಕೆಟ್ಟಿರುವುದಿಲ್ಲ.

ಎಂ.ಟೆಕ್. ಮುಗಿಸಿ 2013ರಲ್ಲಿ ನಾನು ಬಂದು ಸೇರಿದ ಹಾಸ್ಟೆಲ್ ಕೂಡ ಹಾಗೇ ಇತ್ತು. ಗೋಡೆಯ ಮೇಲೆ ಎತ್ತರದಲ್ಲಿ ಟಿ.ವಿ., ಅದರ ಕೆಳಗೆ ದೊಡ್ಡ ಪಾತ್ರೆಗಳಲ್ಲಿ ಅನ್ನ, ಪಪ್ಪು, ಸಾಂಬಾರು, ಮಜ್ಜಿಗೆಗೆ ಹತ್ತಿರದ ಸಂಬಂಧಿಯಂಥ ಮೊಸರು. ಬೆಂಚುಗಳೆಲ್ಲ ಬಸ್ಸಿನ ಸೀಟಿನ ಹಾಗೆ ಒಂದೇ ದಿಕ್ಕಿಗೆ. ಗುರುವಾರ ರಾತ್ರಿ ‘ಜಬರ್ದಸ್ತ್’, ಬೇಸಿಗೆ ತುಂಬ ಐಪಿಎಲ್, ಉಳಿದ ದಿನ ಸಿನಿಮಾ ಹಾಡು. ಅರವತ್ತು ಹುಡುಗರು ಕತ್ತೆತ್ತಿ ಕೂತು ಉಣ್ಣುತ್ತಿದ್ದೆವು, ಕೈ ತಾನಾಗಿ ತಟ್ಟೆಗೂ ಬಾಯಿಗೂ ಓಡಾಡುತ್ತಿತ್ತು. ಒಮ್ಮೆ ಸೆಟ್‌ಟಾಪ್ ಬಾಕ್ಸ್ ಕೆಟ್ಟು ನಾಲ್ಕು ದಿನ ಪರದೆ ಕಪ್ಪಾಯಿತು. ಮೊದಲ ದಿನ ಎಲ್ಲರೂ ಬೇಗ ಉಂಡು ಎದ್ದೆವು. ಎರಡನೇ ದಿನ ಯಾರೋ ಸಾಂಬಾರಿನಲ್ಲಿ ಸೌಟು ತಿರುಗಿಸಿ ಬೇಳೆ ಹುಡುಕಿದರು. ಮೂರನೇ ದಿನ ನೆಲ್ಲೂರಿನ ಹುಡುಗನೊಬ್ಬ ಅಕ್ಕಿ ಹಳೆಯದು, ವಾಸನೆ ಬರುತ್ತಿದೆ ಎಂದ. ನಾಲ್ಕನೇ ದಿನ ಹತ್ತು ಜನ ಮಾಲೀಕರ ಕೋಣೆಗೆ ಹೋದರು. ಐದನೇ ದಿನ ಬೆಳಿಗ್ಗೆಯೇ ಹೊಸ ಬಾಕ್ಸ್ ಬಂತು. ಅಕ್ಕಿ ಬದಲಾಗಲಿಲ್ಲ, ದೂರೂ ಮುಂದುವರಿಯಲಿಲ್ಲ.

ಟಿ.ವಿ. ನಮ್ಮ ಆಹಾರವನ್ನು ಹೇಗೆ ಬದಲಿಸಿತು ಎಂಬ ಮಾತು ಬಂದಾಗಲೆಲ್ಲ ಜನ ಅಡುಗೆ ಕಾರ್ಯಕ್ರಮಗಳನ್ನು, ನೂಡಲ್ಸ್ ಜಾಹೀರಾತುಗಳನ್ನು ನೆನೆಯುತ್ತಾರೆ. ಅವೂ ನಿಜವೇ. ಆದರೆ ಟಿ.ವಿ. ಏನು ತೋರಿಸಿತು ಎಂಬುದಕ್ಕಿಂತ ಅದನ್ನು ನಾವು ಎಲ್ಲಿ ಇಟ್ಟೆವು ಎಂಬುದರಿಂದಲೇ ಹೆಚ್ಚು ಬದಲಾವಣೆ ಆಯಿತು ಎಂದು ನನಗೆ ಅನ್ನಿಸಿದ್ದು ಆ ಬೆಂಚಿನ ಮೇಲೆ. ಈಚೆಗೆ ಊರಿನಲ್ಲಿ ನಮ್ಮ ಮನೆಗೇ ಅದರ ಬಿಸಿ ತಟ್ಟಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಅಮೆರಿಕದ ಒಂದು ಸಣ್ಣ ಕಥೆ. ಅಲ್ಲಿ ಮನೆಮನೆಗೆ ಟಿ.ವಿ. ಬಂದ 1950ರ ದಶಕದ ಮೊದಲ ಭಾಗದಲ್ಲಿ ಸ್ವಾನ್ಸನ್ ಎಂಬ ಕಂಪನಿ ‘ಟಿವಿ ಡಿನ್ನರ್’ ಎಂಬ ಹೆಸರಿನಲ್ಲೇ ಊಟ ಮಾರಿತು. ಖಾನೆಗಳಿದ್ದ ಅಲ್ಯೂಮಿನಿಯಂ ತಟ್ಟೆಯಲ್ಲಿ ಟರ್ಕಿ ಕೋಳಿಯ ಮಾಂಸ, ಬಟಾಣಿ, ಸಿಹಿಗೆಣಸು. ಎಲ್ಲವೂ ಹೆಪ್ಪುಗಟ್ಟಿಸಿದ್ದು. ಓವನ್‌ನಲ್ಲಿ ಬಿಸಿ ಮಾಡಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ತಿನ್ನುವುದು. ನಮ್ಮ ಹಾಸ್ಟೆಲ್‌ನ ಖಾನೆಯ ಸ್ಟೀಲ್ ತಟ್ಟೆ ನೋಡಿದರೆ ಅದರ ಮೊಮ್ಮಗನಂತೆ ಕಾಣುತ್ತದೆ. ತಟ್ಟೆ ನೋಡಬೇಕಾಗಿಲ್ಲ, ಯಾವ ಮೂಲೆಯಲ್ಲಿ ಏನಿದೆ ಎಂದು ಬೆರಳಿಗೇ ಗೊತ್ತು.

ಹೀಗೆ ನೋಡುತ್ತಾ ತಿಂದರೆ ಏನಾಗುತ್ತದೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸುಝಾನ್ ಹಿಗ್ಸ್ ಮತ್ತು ಸಂಗಡಿಗರ ಒಂದು ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಯುವತಿಯರಿಗೆ ಮಧ್ಯಾಹ್ನದ ಊಟ ಕೊಟ್ಟರು, ಒಮ್ಮೆ ಟಿ.ವಿ. ಹಾಕಿ, ಒಮ್ಮೆ ಹಾಕದೆ. ಊಟ ಎರಡೂ ಸಲ ಒಂದೇ. ಕೆಲ ಹೊತ್ತಿನ ನಂತರ ಬಿಸ್ಕತ್ತು ಮುಂದಿಟ್ಟಾಗ, ಟಿ.ವಿ. ನೋಡುತ್ತಾ ಉಂಡ ದಿನ ಹೆಚ್ಚು ತಿಂದರು. ಆ ದಿನದ ಊಟದ ನೆನಪೂ ಅವರಲ್ಲಿ ಮಸುಕಾಗಿತ್ತು. 2013ರಲ್ಲಿ ಇಂಥ 24 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧಕರಿಗೂ ಹೀಗೇ ಕಂಡಿತು. ಗಮನ ಬೇರೆಡೆ ಇದ್ದರೆ ಆ ಹೊತ್ತಿಗೂ ಹೆಚ್ಚು ತಿನ್ನುತ್ತೇವೆ, ಆಮೇಲಿನ ಹೊತ್ತಿಗೆ ಇನ್ನೂ ಹೆಚ್ಚು. ಹೊಟ್ಟೆ ತುಂಬುವುದು ಅರ್ಧ ಅನ್ನದಿಂದಾದರೆ ಅರ್ಧ ಉಂಡ ನೆನಪಿನಿಂದ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳಿದರೆ, ಕೆಲಸ ನಡೆದಿದೆ, ಆದರೆ ಲಾಗ್ ಬರೆದಿಲ್ಲ.

ಇನ್ನು ನಮ್ಮ ಮನೆಯ ವಿಷಯ. ನಮ್ಮದು ಸಿಂಧನೂರು ತಾಲ್ಲೂಕು. ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಟಿ.ವಿ.ಯನ್ನು ಅವರು ಮೊದಲು ಕಂಡದ್ದು ಹದಿನೆಂಟರ ಹರೆಯದಲ್ಲಿ, 1975ರಲ್ಲಿ. ಆಗ ಬೆಂಗಳೂರಿಗೇ ಟಿ.ವಿ. ಬಂದಿರಲಿಲ್ಲ. ಇಸ್ರೊ ಮತ್ತು ನಾಸಾ ಕೂಡಿ ನಡೆಸಿದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಸೆಟ್ ಕೊಟ್ಟಿದ್ದರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿಯಂಥದೇ ದೊಡ್ಡ ಆಂಟೆನಾ, ಅಂಗಳದಲ್ಲಿ ಊರೇ ನೆರೆದು ನೋಡುವುದು. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಪೌಷ್ಟಿಕ ಆಹಾರ, ಹೀಗೆ ಕಾರ್ಯಕ್ರಮಗಳು. ಈ ಕನ್ನಡ ಕಾರ್ಯಕ್ರಮಗಳನ್ನು ತಯಾರಿಸುತ್ತಿದ್ದ ಕೇಂದ್ರ ಇದ್ದದ್ದು ಬೆಂಗಳೂರಿನಲ್ಲಲ್ಲ, ಇದೇ ಹೈದರಾಬಾದಿನಲ್ಲಿ. ತೆಲುಗು, ಕನ್ನಡ ಎರಡಕ್ಕೂ ಒಂದೇ ಕೇಂದ್ರ. ಒಂದು ವರ್ಷದ ಕರಾರು ಮುಗಿದು 1976ರ ಜುಲೈ ಕೊನೆಗೆ ಪ್ರಯೋಗ ನಿಂತಿತು.

‘ಟಿ.ವಿ. ನೋಡಾಕ ಉಂಡು ಹೋಗ್ತಿದ್ದಿವಪಾ’ ಅನ್ನುತ್ತಾರೆ ಅಪ್ಪ. ‘ದೀಪ ಹಚ್ಚೂ ಹೊತ್ತಿಗೆ ರೊಟ್ಟಿ ಉಂಡು, ಕೈ ತೊಳಕೊಂಡು ಸಾಲಿಗೆ ಹೋಗಾದು. ಟಿ.ವಿ. ಮುಂದ ಕುಂತು ಉಣ್ಣಾದು ಅಂದ್ರ ಯಾರಿಗಿ ಗೊತ್ತಿತ್ತು?’

ಗಮನಿಸಿ, ಅಂದು ಟಿ.ವಿ. ಮನೆಯ ಹೊರಗಿತ್ತು. ಊಟ ಒಳಗಿತ್ತು. ಪೌಷ್ಟಿಕ ಆಹಾರದ ಬಗ್ಗೆ ಅದು ಹೇಳಿದ್ದರಲ್ಲಿ ಎಷ್ಟು ನಮ್ಮ ಊರಿನ ತಟ್ಟೆಗೆ ಇಳಿಯಿತೋ, ಅಪ್ಪನಿಗೆ ಅದರಲ್ಲಿ ಒಂದೂ ನೆನಪಿಲ್ಲ. ನೆನಪಿರುವುದು ಹೊಲದ ಕೀಟಗಳ ಒಂದು ಚಿತ್ರ, ಮತ್ತು ಪಕ್ಕದಲ್ಲಿ ಕೂತಿರುತ್ತಿದ್ದ ಗೆಳೆಯರು.

ಆಮೇಲೆ ಟಿ.ವಿ. ಮನೆಯೊಳಗೆ ಬಂತು, ಬರುವಾಗ ತಿನಿಸನ್ನೂ ಕೈಯಲ್ಲಿ ಹಿಡಿದೇ ಬಂತು. ಭಾರತದ ಮೊದಲ ಟಿ.ವಿ. ಧಾರಾವಾಹಿ ‘ಹಮ್ ಲೋಗ್’ 1984ರ ಜುಲೈ 7ರಂದು ದೂರದರ್ಶನದಲ್ಲಿ ಶುರುವಾಯಿತು. ಅದು ಕೂಡ ಸಮಾಜಕ್ಕೆ ಸಂದೇಶ ಕೊಡಲೆಂದೇ ಹುಟ್ಟಿದ್ದು. ಆದರೆ ಪ್ರಾಯೋಜಕರು ಯಾರು? ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್‌ನವರು. ದೇಶ ಒಂದು ಮಧ್ಯಮ ವರ್ಗದ ಕುಟುಂಬದ ಕಷ್ಟಸುಖ ನೋಡುತ್ತಾ ನೋಡುತ್ತಾ ಎರಡು ನಿಮಿಷದ ತಿಂಡಿಯನ್ನು ಪರಿಚಯ ಮಾಡಿಕೊಂಡಿತು. 2015ರಲ್ಲಿ ಸೀಸದ ಅಂಶದ ವಿವಾದದಿಂದ ಮ್ಯಾಗಿ ಐದು ತಿಂಗಳು ಅಂಗಡಿಯಿಂದ ಮಾಯವಾದಾಗ ಅಮೀರ್‌ಪೇಟ್‌ನ ರೂಮುಗಳಲ್ಲಿ ನಡೆದ ಶೋಕಾಚರಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನವೆಂಬರಿನಲ್ಲಿ ಅದು ವಾಪಸ್ ಬಂದ ದಿನ ನಮ್ಮ ಮಹಡಿಯವರು ಕೆಟಲ್‌ನಲ್ಲಿ ಬೇಯಿಸಿ ಹಬ್ಬ ಮಾಡಿದರು.

ಹೈದರಾಬಾದಿನಿಂದ ಕನ್ನಡ ಟಿ.ವಿ. ಎರಡನೇ ಸಲ ಹೊರಟಿದ್ದು 2000ದ ಡಿಸೆಂಬರಿನಲ್ಲಿ. ಈಟಿವಿ ಕನ್ನಡ, ಇಂದಿನ ಕಲರ್ಸ್ ಕನ್ನಡ. ರಾಮೋಜಿ ಫಿಲ್ಮ್ ಸಿಟಿಯಲ್ಲಿ ಕೂತು ಕನ್ನಡಿಗ ಪತ್ರಕರ್ತರು ಸಿದ್ಧಪಡಿಸಿದ ಸುದ್ದಿಯನ್ನು ನಾವು ಸಿಂಧನೂರಿನಲ್ಲಿ ಊಟದ ಜೊತೆ ನೋಡುತ್ತಿದ್ದೆವು. ಅದೇ ರಾಮೋಜಿ ಬಳಗದ್ದೇ ‘ಈನಾಡು’ ಪತ್ರಿಕೆ. 1980ರಲ್ಲಿ ಶುರುವಾದ ಪ್ರಿಯಾ ಉಪ್ಪಿನಕಾಯಿಯೂ ಅವರದೇ. ಮುಂದೆ ತೆಲುಗಿನಲ್ಲಿ ಅಡುಗೆಗೇ ಮೀಸಲಾದ ‘ಈಟಿವಿ ಅಭಿರುಚಿ’ ಎಂಬ ವಾಹಿನಿಯೂ ಬಂತು. ನೋಡುವುದಕ್ಕೂ ನಂಜಿಕೊಳ್ಳುವುದಕ್ಕೂ ಒಂದೇ ಮನೆಯಿಂದ ಸರಬರಾಜು.

ಉಪ್ಪಿನಕಾಯಿಯ ಮಾತು ಬಂದಿದ್ದರಿಂದ ಪುಂಡಿ ಪಲ್ಯದ ಸಂಗತಿ ಹೇಳಿಬಿಡುತ್ತೇನೆ. ಗೋಂಗೂರ ಎಂದರೆ ಹೈದರಾಬಾದಿನಲ್ಲಿ ಎಲ್ಲರ ಕಣ್ಣೂ ಅರಳುತ್ತವೆ. ಗೋಂಗೂರ ಪಚ್ಚಡಿ, ಗೋಂಗೂರ ಮಟನ್, ಗೋಂಗೂರ ಚಿಕನ್ ಪುಲಾವ್. ಅಡುಗೆ ಕಾರ್ಯಕ್ರಮಗಳಲ್ಲಿ ಅದಕ್ಕೆ ಸಿನಿಮಾ ನಟರ ಮರ್ಯಾದೆ. ಆದರೆ ಅದು ನಮ್ಮ ಪುಂಡಿ ಸೊಪ್ಪೇ. ಅವ್ವ ಜೋಳದ ನುಚ್ಚು, ಬೇಳೆ, ಬೆಳ್ಳುಳ್ಳಿ ಹಾಕಿ ಕುದಿಸಿ ಕಡೆಯುವ ಪುಂಡಿ ಪಲ್ಯ ರೊಟ್ಟಿಗೆ ಹೇಳಿ ಮಾಡಿಸಿದ್ದು. ಗುಂಟೂರಿನ ರೂಮ್‌ಮೇಟ್ ಅದನ್ನು ತಿಂದು ‘ಇದು ನಮ್ಮ ಗೋಂಗೂರವನ್ನು ನೀವು ಕಲಿತದ್ದು’ ಅಂದಿದ್ದ. ಟಿ.ವಿ. ಯಾರ ಹೆಸರು ಹೇಳುತ್ತದೋ ಸೊಪ್ಪು ಅವರದಾಗುತ್ತದೆ. ಅವ್ವನೂ ಈಗ ನೆಂಟರು ಬಂದರೆ ಪುಂಡಿ ಪಲ್ಯ ಮಾಡಲು ಹಿಂಜರಿಯುತ್ತಾಳೆ. ಪನೀರು ಮಾಡುತ್ತಾಳೆ.

ಪನೀರು ಕಲಿಸಿದ್ದು ಟಿ.ವಿ. ಹಾಗಂತ ನಾನು ಅಡುಗೆ ಕಾರ್ಯಕ್ರಮಗಳ ವಿರೋಧಿಯಲ್ಲ. ಸಂಜೀವ್ ಕಪೂರ್ 1993ರಲ್ಲಿ ಝೀ ಟಿವಿಯಲ್ಲಿ ‘ಖಾನಾ ಖಜಾನಾ’ ಶುರು ಮಾಡಿದ ಮೇಲೆ ಗಂಡಸು ಒಲೆ ಮುಂದೆ ನಿಲ್ಲುವುದು ದೇಶಕ್ಕೇ ಮಾಮೂಲಿಯಾಯಿತು. ಕನ್ನಡದಲ್ಲಿ ‘ಒಗ್ಗರಣೆ ಡಬ್ಬಿ’ಯ ಮುರಳಿ, ‘ಬೊಂಬಾಟ್ ಭೋಜನ’ದ ಸಿಹಿಕಹಿ ಚಂದ್ರು ನಮ್ಮ ಓಣಿಯಲ್ಲಿ ಮನೆಯವರ ಹಾಗೆ. ಅವ್ವ ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು, ಜಾಹೀರಾತು ಬಂದಾಗ ಓಡಿಹೋಗಿ ಹಾಲು ನೋಡಿ ಬರುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವಳು ಮತ್ತೆ ಪೆನ್ನು ಹಿಡಿದದ್ದು ಆ ನೋಟ್‌ಬುಕ್ಕಿಗಾಗಿ. ಹಾಸ್ಟೆಲ್ ಬಿಟ್ಟು ನಾನು ಮನೆ ಮಾಡಿದಾಗ ಫೋನಿನಲ್ಲಿ ಅಡುಗೆ ಕೇಳಿದರೆ ಅವಳ ಹಳೆಯ ಅಡುಗೆಗೆಲ್ಲ ‘ಅಂದಾಜಿಲೆ ಹಾಕು’ ಎಂಬುದೇ ಉತ್ತರ, ಟಿ.ವಿ. ಅಡುಗೆಗೆ ಮಾತ್ರ ‘ಒಂದೂವರೆ ಚಮಚ’ ಎಂದು ಲೆಕ್ಕ. ಆ ಲೆಕ್ಕ ಇಲ್ಲದಿದ್ದರೆ ಹೊರಗಿರುವ ನಮ್ಮಂಥವರು ಅರ್ಧ ಅಡುಗೆ ಕಲಿಯುತ್ತಿರಲಿಲ್ಲ. ಈ ಋಣ ಸಣ್ಣದಲ್ಲ.

ಆಮೇಲೆ ಅಡುಗೆ ಸ್ಪರ್ಧೆಯಾಯಿತು. 2021ರಲ್ಲಿ ‘ಮಾಸ್ಟರ್‌ಶೆಫ್’ ತೆಲುಗಿಗೂ ತಮಿಳಿಗೂ ಬಂತು, ಗಡಿಯಾರ ಇಟ್ಟುಕೊಂಡು ಅಡುಗೆ ಮಾಡಿ ಅಳುವ ಜನ ಬಂದರು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಉಪ್ಪಿಟ್ಟಿಗೂ ‘ಪ್ಲೇಟಿಂಗ್’ ಚೆನ್ನಾಗಿಲ್ಲ ಎಂದು ಹೇಳುವವರು ಹುಟ್ಟಿಕೊಂಡರು. ಅದನ್ನು ಬಿಡಿ.

ಪರದೆ ಒಂದು ತಟ್ಟೆಗೆ ಏನು ಮಾಡಬಲ್ಲದು ಎಂಬುದನ್ನು ಹೈದರಾಬಾದ್ ಕಣ್ಣೆದುರೇ ನೋಡಿದ್ದು 2024ರ ಜನವರಿಯಲ್ಲಿ. ಮಾದಾಪುರದಲ್ಲಿ ಐಟಿಸಿ ಕೊಹಿನೂರ್ ಹೋಟೆಲಿನ ಹತ್ತಿರ ರಸ್ತೆ ಬದಿ ಅನ್ನ, ಕೋಳಿ ಸಾರು, ಲಿವರ್ ಮಾರುತ್ತಿದ್ದ ಕುಮಾರಿ ಆಂಟಿ ನಿಮಗೂ ಗೊತ್ತು. ಸಾವಿರ ರೂಪಾಯಿ ಬಿಲ್ಲು, ಎರಡು ಲಿವರ್ ಎಕ್ಸ್‌ಟ್ರಾ ಎಂದು ಆಕೆ ಲೆಕ್ಕ ಹೇಳಿದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಯೂಟ್ಯೂಬಿನವರು ಬಂದರು, ಅವರ ಹಿಂದೆ ಟಿ.ವಿ. ಚಾನೆಲ್ಲುಗಳು ಬಂದವು, ಚಾನೆಲ್ ನೋಡಿದ ಜನ ಬಂದರು. ಟ್ರಾಫಿಕ್ ಕಟ್ಟಿಕೊಂಡು ಪೊಲೀಸರು ಅಂಗಡಿ ತೆಗೆಸಿದರು. ಅದೂ ಸುದ್ದಿಯಾಯಿತು. ಮಾರನೇ ದಿನ ಮುಖ್ಯಮಂತ್ರಿ ರೇವಂತ್ ರೆಡ್ಡಿ ಮಧ್ಯೆ ಬಂದು ಅಂಗಡಿ ಅಲ್ಲೇ ಇರಲಿ ಎಂದರು. ನಮ್ಮ ಟೀಮಿನ ನಾಲ್ಕು ಜನ ಒಂದು ಗಂಟೆ ನಿಂತು ಉಂಡು ಬಂದರು. ಹೇಗಿತ್ತು ಎಂದರೆ ಒಬ್ಬ ಫೋನ್ ತೆಗೆದು ಫೋಟೊ ತೋರಿಸಿದ. ರುಚಿ ಹೇಗಿತ್ತೋ ಎಂದು ಮತ್ತೆ ಕೇಳಿದೆ. ‘ಬಾಗುಂದಿ’ ಎಂದ, ಸ್ವಲ್ಪ ಯೋಚಿಸಿ. ಆಕೆಯ ಅಡುಗೆ ಚೆನ್ನಾಗಿಯೇ ಇರಬೇಕು, ಅದಕ್ಕೂ ಮುಂಚೆ ವರ್ಷಗಟ್ಟಲೆ ಆ ಭಾಗದ ನೌಕರರು ಗದ್ದಲವಿಲ್ಲದೆ ಉಣ್ಣುತ್ತಿದ್ದರಲ್ಲ.

ಮತ್ತೆ ಸಿಂಧನೂರಿಗೆ ಬರುತ್ತೇನೆ. ಅಪ್ಪನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಮುಂಚೆ ಒಂದು ಗುಳಿಗೆ. ನಾನು ಸಣ್ಣವನಿದ್ದಾಗ ಮನೆಯಲ್ಲಿ ಏಳೂವರೆಗೆ ರಾತ್ರಿ ಊಟ ಮುಗಿಯುತ್ತಿತ್ತು. ಈಗ ಸಂಜೆ ಆರರಿಂದ ಹತ್ತೂವರೆ ತನಕ ಧಾರಾವಾಹಿಗಳ ಸರತಿ. ಅವ್ವ ಒಂದು ಮುಗಿದ ಮೇಲೆ ರೊಟ್ಟಿ ತಟ್ಟುತ್ತಾಳೆ, ಇನ್ನೊಂದು ಶುರುವಾಗುವಾಗ ತಟ್ಟೆ ಬರುತ್ತದೆ. ಪರದೆಯ ಮೇಲೆ ‘ಪುಟ್ಟಕ್ಕನ ಮಕ್ಕಳು’ ನಡೆಯುತ್ತಿದ್ದಾಗ ಉಮಾಶ್ರೀಯವರ ಪುಟ್ಟಕ್ಕ ಮೆಸ್ ನಡೆಸಿ ಊರಿಗೆಲ್ಲ ಬಡಿಸುತ್ತಿದ್ದಳು. ಅದೂ ತೆಲುಗಿನ ‘ರಾಧಮ್ಮ ಕೂತುರು’ ಧಾರಾವಾಹಿಯ ಕನ್ನಡ ರೂಪವೇ. ಇತ್ತ ಮನೆಯಲ್ಲಿ ತಮ್ಮ ತಟ್ಟೆಗೆ ಎಷ್ಟು ಬಿತ್ತೆಂದು ಯಾರೂ ನೋಡುತ್ತಿರಲಿಲ್ಲ.

ದಿನಾ ಒಂಬತ್ತಕ್ಕೆ ನಾನು ಫೋನ್ ಮಾಡುತ್ತೇನೆ. ‘ಉಂಡ್ಯಾ ಅಪ್ಪಾ? ಎಷ್ಟು ರೊಟ್ಟಿ?’ ‘ಎರಡ.’ ಹಿಂದಿನಿಂದ ಅವ್ವನ ದನಿ: ‘ಎರಡಲ್ಲ, ನಾಲ್ಕು. ಮ್ಯಾಲ ಅನ್ನ.’ ಅಪ್ಪ ಸುಳ್ಳು ಹೇಳುವವರಲ್ಲ, ಮೂವತ್ತೈದು ವರ್ಷ ಹಾಜರಿ ಪುಸ್ತಕವನ್ನು ತಪ್ಪಿಲ್ಲದೆ ಬರೆದವರು. ಅವರಿಗೆ ನಿಜಕ್ಕೂ ಎರಡೇ ನೆನಪು.

ಹೋದ ವರ್ಷ ಒಂದು ರಾತ್ರಿ ಯಾವುದೋ ಧಾರಾವಾಹಿಯ ಮಹಾಸಂಚಿಕೆ. ಯಾವ ವಾಹಿನಿ ಎಂಬುದು ಇಲ್ಲಿ ಮುಖ್ಯವಲ್ಲ. ಅಪ್ಪ ರೂಢಿಯಂತೆ ಎಂಟಕ್ಕೆ ಗುಳಿಗೆ ನುಂಗಿದ್ದಾರೆ. ಮದುವೆ ಮಂಟಪದಲ್ಲಿ ತಾಳಿ ಕಟ್ಟುತ್ತಾರೋ ಇಲ್ಲವೋ ಎಂಬಲ್ಲಿಗೆ ಕಥೆ ನಿಂತಿದೆ, ಜಾಹೀರಾತು ಮುಗಿಯುತ್ತಿಲ್ಲ, ರೊಟ್ಟಿ ಹೊತ್ತಾಗಿದೆ. ಒಂಬತ್ತೂವರೆಗೆ ಅಪ್ಪ ಬೆವತು ಒದ್ದೆಯಾಗಿ, ಕೈ ನಡುಗಿ, ಮಾತು ತೊದಲಿದರು. ಪಕ್ಕದ ಮನೆಯ ಹುಡುಗ ನರ್ಸಿಂಗ್ ಓದುತ್ತಿದ್ದವನು ಓಡಿ ಬಂದು ಸಕ್ಕರೆ ನೀರು ಕುಡಿಸಿದ. ಗ್ಲುಕೋಮೀಟರಿನಲ್ಲಿ 52 ಇತ್ತು. ನನಗೆ ಫೋನ್ ಬಂದಾಗ ನಾನು ಅಮೀರ್‌ಪೇಟ್ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುತ್ತಿದ್ದೆ. ಸಿಂಧನೂರಿಗೆ ರಾತ್ರಿ ಬಸ್ಸು ಹಿಡಿದೆ.

ಡಾಕ್ಟರು ಗುಳಿಗೆಯ ಚೀಟಿ ನೋಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಎಷ್ಟಕ್ಕೆ ಉಣ್ಣುತ್ತೀರಿ? ಅಪ್ಪ ಗಂಟೆ ಹೇಳಲಿಲ್ಲ, ಧಾರಾವಾಹಿಯ ಹೆಸರು ಹೇಳಿದರು. ಡಾಕ್ಟರು ನಗಲಿಲ್ಲ. ಹೀಗೆ ಹೇಳುವವರು ಬಹಳ ಜನ ಎಂದರು. ಗುಳಿಗೆ ನುಂಗಿ ಅರ್ಧ ಗಂಟೆಯೊಳಗೆ ತಟ್ಟೆ ಮುಂದೆ ಇರಬೇಕು, ಇಲ್ಲದಿದ್ದರೆ ಗುಳಿಗೆ ಮುಟ್ಟಬೇಡಿ ಎಂದು ಅವ್ವನಿಗೆ ಎರಡು ಸಲ ಹೇಳಿ ಕಳಿಸಿದರು.

ಎಲ್ಲ ತಪ್ಪನ್ನೂ ಟಿ.ವಿ. ತಲೆಗೆ ಕಟ್ಟುವುದು ಸರಿಯಲ್ಲ ಎಂಬುದೂ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಜೋಳದ ಹೊಲಗಳು ಗದ್ದೆಯಾದವು. ಆಂಧ್ರದಿಂದ ಬಂದವರ ಕ್ಯಾಂಪುಗಳ ಸುತ್ತ ಅಕ್ಕಿಯೇ ಅಕ್ಕಿ. ಅನ್ನ ಹೆಚ್ಚಿತು, ನಡಿಗೆ ಕಡಿಮೆಯಾಯಿತು. ಇಲ್ಲಿ ಅಮೀರ್‌ಪೇಟ್‌ನಿಂದ ನೀಲಿ ಮಾರ್ಗದ ಮೆಟ್ರೊ ಹತ್ತಿದರೆ ಸಿಗುವ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 2024ರ ಮೇ ತಿಂಗಳಲ್ಲಿ ಅದು ಭಾರತೀಯರ ಆಹಾರಕ್ಕೆ 17 ಮಾರ್ಗಸೂಚಿಗಳನ್ನು ಹೊರಡಿಸಿ, ದೇಶದ ಒಟ್ಟು ರೋಗಭಾರದಲ್ಲಿ ಶೇ 56.4ರಷ್ಟು ಸರಿಯಿಲ್ಲದ ಆಹಾರದಿಂದಲೇ ಎಂದಿತು. ಅದು ಒಂದು ದಿನದ ಸುದ್ದಿಯಾಯಿತು. ನೂಡಲ್ಸ್, ಎಣ್ಣೆ, ಬಿಸ್ಕತ್ತು ಪ್ರತಿ ಹತ್ತು ನಿಮಿಷಕ್ಕೆ ಬರುತ್ತವೆ.

ಮನೆಯಲ್ಲಿ ಟಿ.ವಿ. ತೆಗೆಯಿರಿ ಎಂದು ನಾನು ಹೇಳಲಿಲ್ಲ. ಮಕ್ಕಳು ಊರಲ್ಲಿಲ್ಲದ ಮನೆಯಲ್ಲಿ ಸಂಜೆ ಹೊತ್ತು ಮಾತಾಡುವುದು ಅದೊಂದೇ. ಹಾಗೆ ಹೇಳುವ ಹಕ್ಕು ಇನ್ನೂರೈವತ್ತು ಕಿಲೋಮೀಟರಿಗೂ ಆಚೆ ಕೂತವನಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ. ದಾರಿ ಹುಡುಕಿದ್ದು ಅವ್ವ. ಏಳೂವರೆಗೆ ಅಡುಗೆಮನೆಯಲ್ಲೇ ಮಣೆ ಹಾಕಿ ತಟ್ಟೆ ಇಡುತ್ತಾಳೆ, ರೊಟ್ಟಿ ಎಣಿಸಿ ಬುಟ್ಟಿಗೆ ಹಾಕುತ್ತಾಳೆ. ಅಡುಗೆಮನೆಗೆ ಟಿ.ವಿ. ಕೇಳಿಸುತ್ತದೆ, ಕಾಣಿಸುವುದಿಲ್ಲ. ತಪ್ಪಿದ ಸಂಚಿಕೆಯನ್ನು ಮರುದಿನ ನನ್ನ ತಂಗಿ ಕೊಡಿಸಿದ ಫೋನಿನಲ್ಲಿ ನೋಡುತ್ತಾರೆ. ಮೂರು ತಿಂಗಳ ಸರಾಸರಿ ಸಕ್ಕರೆ 8.6 ಇದ್ದದ್ದು 7.8ಕ್ಕೆ ಇಳಿದಿದೆ. ಡಾಕ್ಟರು ಅದರ ಶ್ರೇಯಸ್ಸನ್ನು ಬದಲಿಸಿದ ಗುಳಿಗೆಗೆ ಕೊಡುತ್ತಾರೆ, ಅವ್ವ ತನ್ನ ಮಣೆಗೆ.

ಹೋದ ವಾರ ಫೋನ್ ಮಾಡಿದಾಗ ಅವ್ವ ಸಿಟ್ಟಿನಲ್ಲಿದ್ದಳು. ಅಪ್ಪ ಈಗ ದಿನಾ ಊಟದಲ್ಲಿ ಹುಳುಕು ಹುಡುಕುತ್ತಾರಂತೆ. ಪಲ್ಯಕ್ಕೆ ಉಪ್ಪು ಜಾಸ್ತಿ, ರೊಟ್ಟಿ ಅಂಚು ದಪ್ಪ, ಪುಂಡಿ ಪಲ್ಯಕ್ಕೆ ಬೆಳ್ಳುಳ್ಳಿ ಸಾಲದು, ಮೊದಲಿನ ರುಚಿ ಇಲ್ಲ.

‘ಟಿ.ವಿ. ಇದ್ದಾಗನ ಚಲೋ ಇತ್ತು ನೋಡಪಾ’ ಅಂದಳು. ‘ಸುಮ್ಕ ಉಂಡು ಏಳ್ತಿದ್ರು.’